ಹಾಸು ಹಾಕುವ ಓಣಿಗೆ ಗಿಡ ಬಂದ ದಿನ

೨೦೦೨ನೆಯ ಇಸವಿ, ಜೂನ್ ತಿಂಗಳು, ಅಮಾವಾಸ್ಯೆಯ ಮರುದಿನ, ಮಂಗಳವಾರ. ಬೆಳಗಿನ ಐದೂವರೆ ಗಂಟೆ. ಸ್ಥಳ, ಇಳಕಲ್ಲಿನ ನಮ್ಮ ಮನೆಯ ಬಾಗಿಲು. ಹಾಜರಿದ್ದವರು ಇಬ್ಬರು: ಹೊಸ್ತಿಲ ಒಳಗೆ ನಾನು, ಹೊರಗೆ ಎದುರು ಮನೆಯ ನೇಕಾರನ ಹೆಂಡತಿ. ಅವಳ ಕೈಯಲ್ಲಿ ನೂಲಿಗೆ ಗಂಜಿ ಹಚ್ಚುವ ದೊಡ್ಡ ಕುಂಚವಿತ್ತು. ನನ್ನ ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷಿತ್ತು.

ಹೀಗೆ ಶುರು ಮಾಡುವುದು ನನ್ನ ರೂಢಿ. ನಾನು ಸರಕಾರಿ ದವಾಖಾನೆಗಳಲ್ಲಿ ಸಿಸ್ಟರ್ ಆಗಿ ದುಡಿದು, ದೊಡ್ಡ ಸಿಸ್ಟರ್ ಆಗಿ ನಿವೃತ್ತಳಾದವಳು. ಪಾಳಿ ಬದಲಾಗುವಾಗ ಗಂಟೆ ಎಷ್ಟು, ಯಾರಿದ್ದರು, ಏನಾಯಿತು, ಏನು ಬಾಕಿ ಎಂದು ಹೇಳದೆ ನಾವು ಬೀಗದಕೈ ಕೊಡುತ್ತಿರಲಿಲ್ಲ. ಹುಟ್ಟಿದ್ದು ಗುಡೂರಿನಲ್ಲಿ, ಕೆಲಸ ಮಾಡಿದ್ದು ಹತ್ತೂರಿನಲ್ಲಿ, ನಿವೃತ್ತಿಯಾದ ಮೇಲೆ ನೆಲೆ ನಿಂತಿದ್ದು ಇಳಕಲ್ಲಿನ ಈ ನೇಕಾರರ ಓಣಿಯಲ್ಲಿ. ಓಣಿಗೆಲ್ಲ ನಾನು ‘ಸಿಸ್ಟರ್ ಅಕ್ಕಾರು’.

“ಅಕ್ಕಾರ, ಹೊರಗ ಬಂದು ನೋಡ್ರಿ” ಎಂದಳು ಎದುರು ಮನೆಯವಳು.

ನೋಡಿದೆ. ಹಿಂದಿನ ದಿನ ಸಂಜೆ ನಾನೇ ನಿಂತು ನೋಡಿ ಖುಷಿಪಟ್ಟಿದ್ದ ತಗ್ಗುಗಳು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಾಲು, ವಾರ್ಡಿನ ಮಂಚಗಳ ಹಾಗೆ. ಒಂದೊಂದರ ಪಕ್ಕಕ್ಕೂ ಗರಸು ಮಣ್ಣಿನ ಗುಡ್ಡೆ. ಪುರಸಭೆಯ ಆಳುಗಳು ತೋಡಿ ಹೋಗಿದ್ದರು. ಗಿಡಗಳು ಆ ದಿನ ಎಂಟು ಗಂಟೆಗೆ ಟ್ರ್ಯಾಕ್ಟರಿನಲ್ಲಿ ಬರಬೇಕಾಗಿತ್ತು.

“ನೋಡಿದ್ನಲ್ಲ. ಏನಾತು?”

“ಹಾಸು ಎಲ್ಲಿ ಹಾಕ್ಲಿ?”

ಅಷ್ಟೇ ಕೇಳಿದಳು. ನನಗೆ ಪೂರ್ತಿ ಎಚ್ಚರವಾಯಿತು.

ನೇಕಾರರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸೀರೆಯ ಉದ್ದಕ್ಕೆ ಹೋಗುವ ಎಳೆಗಳೇ ಹಾಸು. ಮಗ್ಗಕ್ಕೆ ಏರುವ ಮೊದಲು ಆ ಎಳೆಗಳನ್ನೆಲ್ಲ ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ಎರಡು ಕೋಲನ್ನು ಕತ್ತರಿಯಂತೆ ಕಟ್ಟಿ ಅಲ್ಲಲ್ಲಿ ಆಸರೆ ಕೊಡುತ್ತಾರೆ. ಗಂಡ ಒಂದು ಮಗ್ಗುಲಲ್ಲಿ, ಹೆಂಡತಿ ಇನ್ನೊಂದು ಮಗ್ಗುಲಲ್ಲಿ ನಡೆಯುತ್ತ ತೀಡುತ್ತಾರೆ. ಬಿಸಿಲು ಏರುವುದರೊಳಗೆ ಆಗಬೇಕು. ತಡವಾದರೆ ಗಂಜಿ ಕಟ್ಟಿಕೊಂಡು ಎಳೆಗೆ ಎಳೆ ಅಂಟುತ್ತದೆ. ಇದಕ್ಕೆ ಉದ್ದನೆಯ, ನೇರವಾದ, ಕಲ್ಲಿಲ್ಲದ ಜಾಗ ಬೇಕು. ಅಂಥ ಜಾಗ ನಮ್ಮ ಓಣಿಯ ಮೂಡಣ ಮಗ್ಗುಲಿಗೆ, ಎದುರು ಮನೆಗಳ ಮುಂದೆ ಇತ್ತು. ಹಾಸಿನ ಸಾಲೆಂದು ಅಲ್ಲಿ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ, ಕಟ್ಟಿಗೆ ಒಟ್ಟುತ್ತಿರಲಿಲ್ಲ, ಹೊರಸು ಹಾಕುತ್ತಿರಲಿಲ್ಲ. ದಿನಾ ಗುಡಿಸಿ ಗುಡಿಸಿ ಅದು ಅಂಗೈಯಂತಾಗಿತ್ತು.

ತಗ್ಗುಗಳೆಲ್ಲ ಅದೇ ಸಾಲಿನಲ್ಲಿ ಬಿದ್ದಿದ್ದವು.

ಇದು ಹೇಗಾಯಿತೆಂದು ಹೇಳಲು ಒಂದೆರಡು ವರ್ಷ ಹಿಂದೆ ಹೋಗಬೇಕು. ಹವಾಮಾನ ಬದಲಾವಣೆ ಎಂಬ ಮಾತು ಆಗಿನ್ನೂ ನಮ್ಮ ಓಣಿಗೆ ಕಾಲಿಟ್ಟಿರಲಿಲ್ಲ. ಬಿಸಿಲು ಮೊದಲಿನಂತಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಪುರಸಭೆಯವರು ಊರಿನ ನೀರು, ಕಸ, ನೆರಳು ಮೂರನ್ನೂ ಸುಧಾರಿಸುತ್ತೇವೆಂದು ಹೊರಟು, ವಾರ್ಡಿಗೊಂದು ಸಮಿತಿ ಮಾಡಿದರು. ನಮ್ಮ ಸಮಿತಿಗೆ ನನ್ನನ್ನು ಮುಂದೆ ಮಾಡಿದರು. ಗದರಿದರೆ ಕೇಳಿಸುವಂಥ ದನಿ ಓಣಿಯಲ್ಲಿ ನನಗೊಬ್ಬಳಿಗೇ ಇತ್ತೆಂಬುದು ಬಿಟ್ಟರೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಮೊದಲು ಕಸಕ್ಕೆ ಬುಟ್ಟಿ ಬಂದವು, ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಗಟ್ಟಿ ಪ್ಲಾಸ್ಟಿಕ್ಕು, ಬಿಗಿಯಾದ ಮುಚ್ಚಳ. ಅಷ್ಟು ಚಂದದ ಬುಟ್ಟಿಗೆ ಕಸ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಒಂದರಲ್ಲಿ ಜೋಳ ತುಂಬಿಟ್ಟರು, ಇನ್ನೊಂದರಲ್ಲಿ ಗಂಜಿ ಕಲೆಸಿದರು, ಕಸವನ್ನು ಹಿಂದಿನಂತೆಯೇ ಮೂಲೆಗೆ ಒಯ್ದು ಚೆಲ್ಲಿದರು. ನಾನು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮನೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡತೊಡಗಿದೆ. ಅರ್ಧ ಓಣಿ ದಾರಿಗೆ ಬಂತು. ಉಳಿದರ್ಧದ ಬುಟ್ಟಿಗಳಲ್ಲಿ ಜೋಳ ಮಾತ್ರ ಹುಳ ಬೀಳದೆ ಬಹಳ ಚೆನ್ನಾಗಿ ಉಳಿಯಿತು.

ನನಗೆ ಹೆಚ್ಚು ಬೇಕಾಗಿದ್ದದ್ದು ನೆರಳು. ಇಳಕಲ್ ಎಂದರೆ ಹೊರಗಿನವರಿಗೆ ಸೀರೆ ನೆನಪಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ನಮಗೆ ನೆನಪಾಗುವುದು ಕಲ್ಲು. ಊರ ಸುತ್ತ ಕೆಂಪು ಗ್ರಾನೈಟು ಕೊಯ್ಯುತ್ತಾರೆ. ಒಡೆದ, ಮುಕ್ಕಾದ ಫರ್ಸಿ ಚಪ್ಪಡಿಗಳೆಲ್ಲ ಮನೆಗಳ ಮುಂದೆ ಬಂದು ಕಟ್ಟೆಯಾಗುತ್ತವೆ. ಹಗಲೆಲ್ಲ ಕಾಯ್ದ ಕಲ್ಲು ಕತ್ತಲಾದ ಮೇಲೂ ಒಲೆಯ ಹಾಗೆ ಸುಡುತ್ತಿರುತ್ತದೆ. ಎದುರು ಮನೆಯದಂತೂ ಪಡುವಣ ಮುಖ. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗಿನ ಬಿಸಿಲೆಲ್ಲ ಅದರ ಮುಂದಿನ ಗೋಡೆಗೇ. ಆ ಗೋಡೆಯ ಒಳಮಗ್ಗುಲಿಗೆ ನೇಕಾರನ ತಾಯಿಯ ಮಂಚ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಮುದುಕಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಒಳಕೋಣೆಗೆ ಹಾಕುತ್ತೇವೆಂದರೆ ಒಪ್ಪಳು. ಕಿಟಕಿ ಇರುವುದು ಅಲ್ಲಿ, ಓಣಿ ಕಾಣುವುದು ಅಲ್ಲಿಂದ. ದಿನಕ್ಕೆರಡು ಹೊತ್ತು ನಾನು ಹೋಗಿ, ಬೆನ್ನು ಒರೆಸಿ ಪೌಡರು ಹಚ್ಚಿ, ಮಗ್ಗುಲು ಬದಲಿಸಿ ಬರುತ್ತಿದ್ದೆ. ಮೇ ತಿಂಗಳಲ್ಲಿ ಆ ಗೋಡೆಗೆ ಕೈ ಇಟ್ಟರೆ ಜ್ವರದ ಹಣೆ ಮುಟ್ಟಿದಂತಾಗುತ್ತಿತ್ತು. ಹೀಗಾಗಿ ಎರಡು ಬೇಸಿಗೆ ಪುರಸಭೆಗೆ ಅಲೆದು ಗಿಡ ಕೇಳಿದ್ದೆ. ಕೊಡುತ್ತೇವೆ, ಜಾಗ ಓಣಿಯವರೇ ಕೂಡಿ ತೋರಿಸಲಿ ಎಂದಿದ್ದರು.

ಓಣಿಯವರೆಲ್ಲ ಕೂಡಲು ಸಿಗುವುದು ಅಮಾವಾಸ್ಯೆಗೆ. ಅಂದು ಮಗ್ಗಕ್ಕೆ ಪೂಜೆ, ಕೆಲಸಕ್ಕೆ ರಜೆ. ಕೆಲವರು ಬನಶಂಕರಿಗೆ ಹೋಗಿ ಬರುತ್ತಾರೆ, ಉಳಿದವರು ಮಲಗುತ್ತಾರೆ. ನಮ್ಮ ಓಣಿಯಲ್ಲಿ ಇನ್ನೂ ಒಂದು ಕಟ್ಟಳೆಯಿದೆ. ಅಮಾವಾಸ್ಯೆಯ ದಿನ ಮಗ್ಗದ ಮಾತೇ ಎತ್ತಬಾರದು. ನೂಲು, ಹಾಸು, ಗಂಜಿ, ಯಾವ ಮಾತೂ ಕೂಡದು. ಮಗ್ಗ ಒಂದು ದಿನವಾದರೂ ನೆಮ್ಮದಿಯಿಂದ ಮಲಗಲಿ ಎಂದು ಹಿರಿಯರು ಮಾಡಿದ್ದಂತೆ. ಬಾಯಿ ತಪ್ಪಿ ಆಡಿದವರು ಓಣಿಗೆಲ್ಲ ಚಹ ಕುಡಿಸಬೇಕು.

ಆ ಸೋಮವಾರ ಪುರಸಭೆಯ ಗಿಡದ ಮೇಸ್ತ್ರಿ ಹಾರೆ, ಸನಿಕೆ, ಆಳುಗಳೊಂದಿಗೆ ಬಂದು, ಎಲ್ಲಿ ಅಗೆಯಲಿ ಎಂದು ಕೇಳಿದ. ಓಣಿಯ ಗಂಡಸರೆಲ್ಲ ಮಡಿ ಅಂಗಿ ತೊಟ್ಟು ನಿಂತಿದ್ದರು. ನಮ್ಮ ಮಗ್ಗುಲಿಗೆ ಕಟ್ಟೆಗಳು, ಮೆಟ್ಟಿಲುಗಳು, ಒಗೆಯುವ ಕಲ್ಲುಗಳು. ಆ ಮಗ್ಗುಲಿಗೆ ನೋಡಿದರೆ ಗುಡಿಸಿಟ್ಟ, ಯಾರದ್ದೂ ಏನೂ ಇಲ್ಲದ, ನೂಲು ಹಿಡಿದಂತೆ ನೇರವಾದ ಜಾಗ. ಯಾರೋ ಒಬ್ಬರು ಅದನ್ನು ತೋರಿಸಿದರು. ಎಲ್ಲರೂ ಹೂಂ ಎಂದರು. ಜೀವಮಾನವೆಲ್ಲ ಆ ಸಾಲಿನಲ್ಲಿ ಕುಂಚ ಹಿಡಿದು ನಡೆದವರೂ ಹೂಂ ಎಂದರು. ಕೆಲವರಿಗೆ ನಿಜವಾಗಿಯೂ ಮರೆತಿತ್ತು, ಏಕೆಂದರೆ ಅಂದು ಅದನ್ನು ನೆನೆಯುವ ದಿನವಲ್ಲ. ಕೆಲವರಿಗೆ ನೆನಪಿತ್ತು, ಚಹ ಕುಡಿಸುವ ಮನಸ್ಸಿರಲಿಲ್ಲ. ಮಗ್ಗವಿಲ್ಲದ ಮನೆಯವಳು ನಾನು. ಹೋದ ಬಂದ ಕಡೆ ನೇರ ಸಾಲು ಕಂಡರೆ ನನಗೆ ಮೊದಲಿನಿಂದಲೂ ಸಂತೋಷ. ಆ ಸಂತೋಷದಲ್ಲಿ ದಿನಾ ಕಾಣುವ ಹಾಸು ನನಗೂ ಮರೆತಿತ್ತು.

ಅಂದು ಸಂಜೆ ಮುದುಕಿಯ ಮಗ್ಗುಲು ಬದಲಿಸುವಾಗ, ಇನ್ನು ಎರಡು ಮೂರು ವರ್ಷಕ್ಕೆ ನಿಮ್ಮ ಗೋಡೆಗೆ ನೆರಳು ಬರುತ್ತದೆ ನೋಡು, ಜಾಗ ಸರಿ ಇದೆಯಲ್ಲ ಎಂದು ಕೇಳಿದ್ದೆ. ಅವಳು ಕಿಟಕಿಯಿಂದ ತಗ್ಗುಗಳನ್ನು ನೋಡಿದಳು. ನನ್ನನ್ನು ನೋಡಿದಳು. ತುಟಿ ಬಿಗಿಹಿಡಿದು, ಕೊನೆಗೆ “ನಾಳಿ ಕೇಳ ತಂಗಿ, ಹೇಳ್ತೇನಿ” ಎಂದಳು. ಸೊಂಟ ನೋಯುತ್ತಿರಬೇಕೆಂದು ಎಣಿಸಿ ನಾನು ಮಾತ್ರೆ ಕೊಟ್ಟು ಬಂದೆ.

ಈಗ ಮಂಗಳವಾರದ ಬೆಳಗಿಗೆ ಬರೋಣ. ಎದುರು ಮನೆಯವಳು ನಸುಕಿನಲ್ಲೇ ಎದ್ದು ಗಂಜಿ ಕುದಿಸಿಯಾಗಿತ್ತು. ಆ ಗಂಜಿ ಸಂಜೆಗೆಲ್ಲ ಹುಳಿ ಬರುತ್ತದೆ.

“ನಿನ್ನಿ ಯಾಕ ಒಂದ ಮಾತ ಹೇಳಲಿಲ್ಲ?”

“ನಿನ್ನಿ ಅಮಾಸಿ ಇತ್ತಲ್ರಿ.”

ಊರ ಹೊರಗೆ ಕೆರೆಯ ಕಡೆ ಬಯಲಿದೆ, ಇಂದಿನ ಮಟ್ಟಿಗೆ ಹಾಸನ್ನು ಅಲ್ಲಿಗೆ ಒಯ್ಯಿರಿ, ಮುದುಕಿಯ ಹತ್ತಿರ ನಾನು ಕೂರುತ್ತೇನೆ ಎಂದೆ. ಅವಳು ಕುಂಚವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

“ಇವತ್ತ ನೀವು ಕುಂದರ್ತೀರಿ. ನಾಳಿ? ನಾಡದ? ಗಿಡಾ ಒಮ್ಮಿ ಹಚ್ಚಿದ್ರ ಅವೇನು ಎದ್ದು ಹೋಗ್ತಾವೇನ್ರಿ? ನಾವಿಬ್ಬರೂ ಬೈಲಿಗೆ ಹೋದ್ರ ನಮ್ಮ ಅತ್ತೀಗೆ ನೀರ ಕೊಡವ್ರು ಯಾರು?”

ಲೆಕ್ಕ ಸ್ಪಷ್ಟವಾಗಿತ್ತು. ಹಾಸು ತೀಡಲು ಗಂಡ ಹೆಂಡತಿ ಇಬ್ಬರೂ ಬೇಕು. ಮನೆಯಲ್ಲಿ ಬೇರೆ ಆಳಿಲ್ಲ. ಬಾಗಿಲ ಮುಂದೆ ಆದರೆ ನಡುನಡುವೆ ಒಳಗೆ ಹೋಗಿ ಮುದುಕಿಯನ್ನು ನೋಡಿ ಬರಬಹುದು. ಬಯಲಿಗೆ ಹೋಗಬೇಕಾದರೆ ಒಂದೋ ಮುದುಕಿಯನ್ನು ಒಂಟಿಯಾಗಿ ಬಿಡಬೇಕು, ಇಲ್ಲವೇ ಮಗ್ಗ ನಿಲ್ಲಿಸಬೇಕು. ಆ ಓಣಿಯ ಸಾಲೇ ಅವಳ ಕೈಲಿದ್ದ ದಾರಿ, ಮತ್ತೊಂದಿರಲಿಲ್ಲ. ಯಾರ ಗೋಡೆ ತಂಪಾಗಲೆಂದು ಗಿಡ ತರಿಸಿದ್ದೆನೋ ಅವರ ಮಗ್ಗದ ಕತ್ತು ಹಿಸುಕುವ ಹಾಗಾಗಿತ್ತು.

ದವಾಖಾನೆಯಲ್ಲಿ ಕಲಿತದ್ದು ಒಂದಿದೆ. ರಕ್ತ ಸುರಿಯುತ್ತಿರುವಾಗ ಯಾಕೆ ಬಿದ್ದೆ, ಹೇಗೆ ಬಿದ್ದೆ ಎಂದು ಕೇಳುತ್ತ ನಿಲ್ಲಬಾರದು. ಮೊದಲು ಬಟ್ಟೆ ಒತ್ತಿ ಹಿಡಿಯಬೇಕು. ಅಷ್ಟರಲ್ಲಿ ಅವಳ ಗಂಡ ಬಂದ. ಮಾತು ಕಡಿಮೆಯ ಮನುಷ್ಯ. ತಗ್ಗು ನೋಡಿದ, ನನ್ನ ಕಟ್ಟೆ ನೋಡಿದ, ಮತ್ತೆ ತಗ್ಗು ನೋಡಿದ.

“ಫರ್ಸಿ ಮುಚ್ಚೂಣೇನ್ರಿ?” ಎಂದ.

ನಮ್ಮ ಮಗ್ಗುಲಿನ ಮನೆಗಳ ಮುಂದೆ ಗಟಾರದ ಅಂಚಿಗೆ ಕೂಡಿಸಿದ ಫರ್ಸಿಗಳು ಸಿಮೆಂಟು ಕಂಡವಲ್ಲ, ಸುಮ್ಮನೆ ಮಣ್ಣಿನ ಮೇಲೆ ಕೂತವು. ನನ್ನವನ್ನು ಮೊದಲು ಎತ್ತಿದೆವು. ಹಾರೆಯ ಸದ್ದಿಗೆ ಓಣಿ ಎದ್ದಿತು. ಒಬ್ಬೊಬ್ಬರೂ ಹೊರಗೆ ಬಂದು, ತಗ್ಗು ನೋಡಿ, ‘ಆಂ’ ಎಂದು ತಲೆ ಕೆರೆದುಕೊಂಡು, ತಮಗೆ ನಿನ್ನೆಯೇ ಗೊತ್ತಿತ್ತು ಎಂದರು. ಗೊತ್ತಿದ್ದವರೆಲ್ಲ ಒಂದೊಂದು ಫರ್ಸಿ ತನ್ನಿ ಎಂದೆ. ತಂದರು. ಕೆಂಪು ಕಲ್ಲಿನ ಮುಚ್ಚಳಗಳು ಸಾಲಾಗಿ ಬಿದ್ದವು. ಮಣ್ಣಿನ ಗುಡ್ಡೆಗಳನ್ನು ಕೈಗೆ ಸಿಕ್ಕ ಬುಟ್ಟಿಗಳಲ್ಲಿ ಪಕ್ಕಕ್ಕೆ ಹೊತ್ತು ಹಾಕಿದೆವು. ಪುರಸಭೆ ಕೊಟ್ಟ ಬುಟ್ಟಿಗಳು ಆ ದಿನ ಬಹಳ ಉಪಯೋಗಕ್ಕೆ ಬಂದವು.

ಆರೂವರೆಗೆಲ್ಲ ಹಾಸು ಹೊರಬಿತ್ತು. ಕಪ್ಪು ನೂಲಿನ ಹಾಸು, ಓಣಿಯುದ್ದಕ್ಕೂ ಬಿಗಿಯಾಗಿ ನಿಂತಿತು. ಗಂಡ ಹೆಂಡತಿ ಎರಡೂ ಮಗ್ಗುಲಿಗೆ ಒಂದೇ ಹೆಜ್ಜೆ ಹಾಕುತ್ತ ತೀಡಿದರು. ಬಿಸಿ ಗಂಜಿಯ ವಾಸನೆ ಹಬ್ಬಿತು. ನಾನು ನಡುವೆ ಒಳಗೆ ಹೋಗಿ ಮುದುಕಿಯ ಬೆನ್ನು ಒರೆಸಿದೆ. ಅವಳ ಮುಖದಲ್ಲಿ ಬಹಳ ತೃಪ್ತಿಯಿತ್ತು.

“ಈಗ ಕೇಳ” ಎಂದಳು.

“ಈಗ ಕೇಳಿ ಏನ್ಮಾಡ್ಲಿ? ಮಾತ್ರಿ ನುಂಗಿ ಸುಮ್ನ ಇದ್ದಿ, ಬಾಯಿ ಬಿಟ್ಟು ಹೇಳಬಾರದಿತ್ತೇನು?”

“ಅಮಾಸಿ ದಿನಾ ಮಗ್ಗದ ಮಾತ ಆಡೂದಿಲ್ಲ ನಾ. ಈ ಮನಿಗೆ ಬಂದಾಗಿಂದ ಆಡಿಲ್ಲ. ನೀ ಕೊಟ್ಟ ಮಾತ್ರಿ ಚೊಲೋ ಇತ್ತು, ನಿದ್ದಿ ಬಂತು.”

ಎಂಟಕ್ಕೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಗಿಡದ ಮೇಸ್ತ್ರಿಯನ್ನು ಇಲ್ಲಿ ಸರಿಯಾಗಿ ಪರಿಚಯ ಮಾಡಿಕೊಡಬೇಕು. ನಮ್ಮ ಗುಡೂರಿನ ಕಡೆಯವನೇ, ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಜೂನಿನ ಸೆಖೆಯಲ್ಲೂ ಹೆಗಲ ಮೇಲೊಂದು ಕಂಬಳಿ. ಕುರಿ ಕಾಯ್ದವನನ್ನು ಗಿಡ ಕಾಯಲು ಇಟ್ಟುಕೊಂಡಿದ್ದಾರೆಂದು ಊರು ನಗುತ್ತಿತ್ತು. ಗಿಡದ ವೈರಿ ಯಾವ ಸಂದಿಯಿಂದ ನುಗ್ಗುತ್ತದೆಂದು ತನಗಿಂತ ಬಲ್ಲವರು ಯಾರು ಎಂದು ಅವನೂ ನಗುತ್ತಿದ್ದ. ಆ ಬೆಳಿಗ್ಗೆ ಮಾತ್ರ ನಗಲಿಲ್ಲ.

“ಯಾರ್ರಿ ನನ್ನ ತಗ್ಗಿಗೆ ಫರ್ಸಿ ಮುಚ್ಚಿದವ್ರು? ಒಳಗ ಹೆಣಾ ಹುಗದೀರೇನು?”

ನಡೆದದ್ದನ್ನು ಹೇಳಿದೆ. ಅವನು ಸೊಂಟದ ಮೇಲೆ ಕೈಯಿಟ್ಟು ಕೇಳಿದ. ಜಾಗ ತೋರಿಸಿದವರು ನೀವು, ಆಳುಗಳು ನಿನ್ನೆ ಒಂದಿಡೀ ದಿನ ಗರಸು ಅಗೆದಿದ್ದಾರೆ, ಮತ್ತೆ ಅಗೆಯಲು ಇವತ್ತು ಆಳಿಲ್ಲ ಎಂದ. ಆಮೇಲೆ ಮೆತ್ತಗೆ, “ಬ್ಯಾಡಂದ್ರ ಬ್ಯಾಡ ಅಂದು ಬಿಡ್ರಿ ಬಾಯಾರ. ಆಚಿ ಓಣ್ಯಾಗ ಕೈ ಚಾಚಿ ನಿಂತಾರ. ಅಲ್ಲಿಗೆ ಇಳಿಸಿ ಹೋಗ್ತೇನಿ” ಎಂದ.

ಎರಡು ಬೇಸಿಗೆಯ ಅಲೆದಾಟ ನನ್ನ ಕಣ್ಣ ಮುಂದೆ ಬಂತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬೇವು, ಹೊಂಗೆ, ಒಂದೊಂದೂ ಎದೆಯೆತ್ತರ. ಎಳೆ ಎಲೆಗಳು ಗಾಳಿಗೆ ಅಲುಗುತ್ತಿದ್ದವು. ಹೂಂ ಎಂದರೆ ಎದುರು ಮನೆಯವಳ ಮಗ್ಗ ಹೋಗುತ್ತದೆ, ಬೇಡ ಎಂದರೆ ಮುದುಕಿಯ ಗೋಡೆ ಮುಂದಿನ ಬೇಸಿಗೆಯಲ್ಲೂ ಸುಡುತ್ತದೆ. ನನ್ನ ಅದೃಷ್ಟಕ್ಕೆ ತಕ್ಷಣ ಯಾವುದನ್ನೂ ಹೇಳಬೇಕಾಗಲಿಲ್ಲ. ಹಾಸು ಒಣಗುವವರೆಗೆ ಟ್ರ್ಯಾಕ್ಟರು ಓಣಿಯೊಳಗೆ ಬರುವಂತಿಲ್ಲ. ಆಚೆ ಓಣಿಗೆ ದಾರಿ ನಮ್ಮ ಓಣಿಯಿಂದಲೇ. ಮೇಸ್ತ್ರಿ ಕಾಯಲೇಬೇಕಾಯಿತು. ಕೂರಲು ಆಚೀಚೆ ನೋಡಿದ.

“ಕುಂದ್ರಾಕ ಒಂದ ಕಟ್ಟಿನೂ ಉಳಿಸಿಲ್ಲಲ್ರಿ” ಎಂದ.

ನಿಜ. ಫರ್ಸಿಗಳೆಲ್ಲ ತಗ್ಗಿನ ಮೇಲೆ ಹೋಗಿ, ನಮ್ಮ ಮಗ್ಗುಲಿನ ಮನೆಗಳ ಮುಂದೆ ಗಟಾರದುದ್ದಕ್ಕೂ ಮೊಳಕ್ಕಿಂತ ಹೆಚ್ಚು ಅಗಲದ ಮಣ್ಣು ಬೋಳಾಗಿ ಬಿದ್ದಿತ್ತು. ಎಷ್ಟೋ ವರ್ಷದಿಂದ ಬಿಸಿಲು ಕಾಣದ ಮಣ್ಣು, ತೇವ ಇನ್ನೂ ಇತ್ತು, ಎರೆಹುಳು ಒದ್ದಾಡುತ್ತಿದ್ದವು. ಎದುರು ಮನೆಯವಳು ತೀಡುತ್ತ ತೀಡುತ್ತ ನನ್ನ ಮನೆಯ ನೇರಕ್ಕೆ ಬಂದಿದ್ದಳು. ಕುಂಚ ನಿಲ್ಲಿಸದೆಯೇ ಹೇಳಿದಳು:

“ಅಲ್ಲಿ ಹಚ್ಚ್ರಿ. ಕಟ್ಟಿ ಇದ್ದಲ್ಲಿ. ನನ್ನ ಮೊಳಕೈ ಅಲ್ಲಿತನಾ ಬರೂದಿಲ್ಲ.”

ಯಾರದ್ದೂ ಅಲ್ಲದ ಜಾಗವನ್ನು ನಿನ್ನೆ ಎಲ್ಲರೂ ಧಾರಾಳವಾಗಿ ಕೊಟ್ಟಿದ್ದರು. ಈಗ ಕೇಳಿದ್ದು ಅವರವರ ಕಟ್ಟೆ. ಪಕ್ಕದ ಮನೆಯ ಯಜಮಾನರು, ಆ ಕಟ್ಟೆಯ ಮೇಲೆಯೇ ಅರ್ಧ ಆಯುಷ್ಯ ಕಳೆದವರು, ಗಂಟಲು ಸರಿಮಾಡಿಕೊಂಡರು. ಫರ್ಸಿ ಕೊಟ್ಟಿದ್ದು ಬೆಳಗಿನ ಮಟ್ಟಿಗೆ, ಹಾಸು ಎತ್ತಿದ ಮೇಲೆ ತಮ್ಮದು ತಮ್ಮ ಜಾಗಕ್ಕೆ ವಾಪಸು ಬರಬೇಕು ಎಂದರು. ಹಲವರು ತಲೆಯಾಡಿಸಿದರು.

ಆಗ ಎದುರು ಮನೆಯ ಕಿಟಕಿಯಿಂದ ದನಿ ಬಂತು. ಮಲಗಿದಲ್ಲಿಂದಲೇ, ಆದರೆ ಓಣಿಯ ಎರಡೂ ತುದಿಗೆ ಕೇಳಿಸುವಂತೆ.

“ಅಮಾಸಿ ಮುಗದೈತಿ, ಇನ್ನ ನಾ ಮಾತಾಡ್ತೇನಿ. ಆ ಕಟ್ಟಿ ಯಾರದೂ ಅಲ್ಲ, ಗಟಾರಿಂದು. ಒಂದೊಂದು ಫರ್ಸಿ ಯಾವಾಗ ಬಂತು, ಯಾರು ಹೊತ್ತು ತಂದ್ರು, ಎಲ್ಲಾ ನಾ ಈ ಕಣ್ಣೀಲೆ ನೋಡೇನಿ. ಹೇಳ್ಲೇನು ಒಬ್ಬೊಬ್ಬರ್ದು?”

ಯಾರಿಗೂ ಆ ಪುರಾಣ ಬೇಕಿರಲಿಲ್ಲ. ಪಕ್ಕದ ಮನೆಯವರು ಮಾತು ಬದಲಿಸಿ, ಕಟ್ಟೆ ಹೋದರೆ ಸಂಜೆ ಎಲ್ಲಿ ಕೂರುವುದು ಎಂದು ಕೇಳಿದರು.

“ಗಿಡದ ಬುಡಕ, ನೆಳ್ಳಾಗ” ಎಂದ ಮೇಸ್ತ್ರಿ.

“ನೆಳ್ಳು ಬರೂತನಕ?”

“ಅಲ್ಲೀತನಕ ಮನ್ಯಾಗ ಕುಂತು ನೇಯ್ರಿ.”

ನಗು ಎದ್ದಿತು. ಅದೇ ಸಮಯವೆಂದು ನಾನು ಹಾರೆ ಎತ್ತಿಕೊಂಡು ನನ್ನ ಮನೆಯ ಮುಂದೆ ನಿಂತೆ. ಆ ಕಟ್ಟೆಯನ್ನು ನಿವೃತ್ತಿಯಾದ ವರ್ಷ ನಾನೇ ಅಳತೆ ಕೊಟ್ಟು ಕೂಡಿಸಿಕೊಂಡಿದ್ದೆ. ದಿನಾ ಸಂಜೆ ಆರಕ್ಕೆ ಅಲ್ಲಿ ಕೂತು ಚಹ ಕುಡಿಯುತ್ತ ಓಣಿಯ ಆಗುಹೋಗು ತಿದ್ದುವುದು ನನ್ನ ಪರಿಪಾಠವಾಗಿತ್ತು. ಮುದುಕಿಯ ಗೋಡೆಯ ಸರಿ ನೇರಕ್ಕೆ ಇದ್ದದ್ದೂ ಅದೇ. ಮಧ್ಯಾಹ್ನದ ಬಿಸಿಲನ್ನು ತಡೆಯುವ ಮರ ನಿಲ್ಲಬೇಕಾದರೆ ಅಲ್ಲೇ ನಿಲ್ಲಬೇಕು. ಉಳಿದಿದ್ದ ಎರಡು ಆಸರೆ ಕಲ್ಲುಗಳನ್ನು ಮೀಟಿ ಕೆಡವಿ, ಎತ್ತಿದ ಕಲ್ಲು ಮತ್ತೆ ಕೂರುವುದಿಲ್ಲ, ಮೊದಲನೆಯ ತಗ್ಗು ಇಲ್ಲಿ ತೋಡಿ ಎಂದೆ. ದವಾಖಾನೆಯ ದನಿ ಆ ಹೊತ್ತಿಗೆ ತಾನಾಗಿಯೇ ಬಂತು. ಮೇಸ್ತ್ರಿ ಕಂಬಳಿ ಮಡಿಸಿ ನನ್ನ ಹೊಸ್ತಿಲ ಮೇಲಿಟ್ಟ.

ಹಾಸು ಒಣಗಿ ಸುತ್ತಿದ ಮೇಲೆ ಅಗೆತ ಶುರುವಾಯಿತು. ಆಳಿಲ್ಲದ್ದರಿಂದ ಓಣಿಯ ಗಂಡಸರೇ ಸನಿಕೆ ಹಿಡಿದರು. ನೇಕಾರರ ಕೈ ಎಳೆ ಹಿಡಿಯುವ ಕೈ; ಹಾರೆ ಹಿಡಿದು ಅಭ್ಯಾಸವಿಲ್ಲ. ನೆಲಮಗ್ಗಕ್ಕೆ ಕಾಲು ಇಳಿಬಿಡಲು ತಗ್ಗು ಇರುತ್ತದಲ್ಲ, ಅದನ್ನು ನೆನೆದು ಮೇಸ್ತ್ರಿ, “ತಗ್ಗಿನ್ಯಾಗ ಕುಂದ್ರೂದು ಗೊತ್ತೈತಿ ನಿಮಗ, ತಗ್ಗು ತೋಡೂದು ಗೊತ್ತಿಲ್ಲ” ಎಂದು ಚುಡಾಯಿಸಿದ. ಎಮ್ಮೆಯ ಕೊಂಬಿನಂತೆ ಸೊಟ್ಟಗಿದ್ದ ಒಂದು ತಗ್ಗನ್ನು ನೋಡಿ, ಇದರಲ್ಲಿ ಗಿಡ ಮಲಗಬೇಕೋ ನಿಲ್ಲಬೇಕೋ ಎಂದು ಕೇಳಿದ. ಬಯ್ಯುತ್ತ ಬಯ್ಯುತ್ತ ತಾನೇ ಅರ್ಧ ತೋಡಿದ. ಮಧ್ಯಾಹ್ನ ಮನೆಮನೆಯಿಂದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ ಬಂತು. ಅಮೀನಗಡದಿಂದ ಬಸ್ಸಿಳಿದು ಬಂದ ಒಬ್ಬ ಭೂಪನ ಚೀಲದಲ್ಲಿ ಕರದಂಟಿರುವುದು ಪತ್ತೆಯಾಗಿ, ಅದು ಅವನ ಮನೆ ಮುಟ್ಟಲಿಲ್ಲ.

ಒಂದು ತಕರಾರು ಮಾತ್ರ ಗಟ್ಟಿಯಾಗಿತ್ತು. ಮರ ಬೆಳೆದರೆ ಕಾಗೆ ಬರುತ್ತದೆ, ಕಾಗೆ ಬಂದರೆ ಹಾಸಿನ ಮೇಲೆ ಏನು ಬೀಳುತ್ತದೆಂದು ಹೇಳಬೇಕಾಗಿಲ್ಲ. ಇದನ್ನು ಎತ್ತಿದವನು ಎದುರು ಮನೆಯ ನೇಕಾರನೇ. ಬಹಳ ಹೊತ್ತಿನ ವಾದದ ಮೇಲೆ, ಹಾಸಿನ ಸಾಲಿನ ಕಡೆಗೆ ಬಾಗುವ ಕೊಂಬೆಯನ್ನು ಪ್ರತಿ ವರ್ಷ ಕಡಿಯುವುದು, ಗೋಡೆಗೆ ನೆರಳಾಗುವಷ್ಟು ಎತ್ತರದ್ದನ್ನು ಬಿಡುವುದು ಎಂದು ತೀರ್ಮಾನವಾಯಿತು. ಆ ಕರಾರು ಇವತ್ತಿನವರೆಗೂ ನಡೆದಿದೆ. ಅದರ ಫಲವಾಗಿ ನಮ್ಮ ಓಣಿಯ ಮರಗಳೆಲ್ಲ ಕೆಳಗೆ ಪಡುವಣಕ್ಕೆ ವಾಲಿ, ಅವುಗಳ ಎಲೆಯೆಲ್ಲ ನಮ್ಮ ಮಗ್ಗುಲಿನ ಅಂಗಳಗಳಲ್ಲಿ ಬೀಳುತ್ತದೆ. ನಾನು ದಿನಕ್ಕೆರಡು ಸಲ ಗುಡಿಸುತ್ತೇನೆ. ಬೀದಿ ನೋಡಲು ಬಂದ ಪುರಸಭೆಯ ಎಂಜಿನಿಯರೊಬ್ಬರು, ಸಾಲು ಇಷ್ಟು ಸೊಟ್ಟಗೆ ಯಾಕಿದೆ ಎಂದು ಒಮ್ಮೆ ಕೇಳಿದರು. ಗಟಾರ ಸೊಟ್ಟಗಿದೆ, ಅದಕ್ಕೆ ಎಂದೆ.

ಹಿಂದಿನ ದಿನ ಗುರುತಿಸಿದಷ್ಟು ಗಿಡಗಳಿಗೆ ಹೊಸ ಸಾಲಿನಲ್ಲಿ ಜಾಗವಾಗಲಿಲ್ಲ. ಬಾಗಿಲು ಬಂದಲ್ಲಿ ಬಿಟ್ಟೆವು, ನಳದ ಪೈಪು ಬಂದಲ್ಲಿ ಬಿಟ್ಟೆವು. ಮಿಕ್ಕ ಗಿಡಗಳು ಆಚೆ ಓಣಿಗೆ ಹೋದವು, ಕೈ ಚಾಚಿ ನಿಂತವರಿಗೆ. ಟ್ರೇಲರು ಹಾದುಹೋಗುವಾಗ ಅದರಲ್ಲಿ ಉಳಿದ ಗಿಡಗಳನ್ನು ಒಂದೊಂದಾಗಿ ಎಣಿಸಿದೆ. ಮುದುಕಿಯ ಗೋಡೆಯ ನೇರಕ್ಕೆ ಹೊಂಗೆ ಇಡಲು ಮೇಸ್ತ್ರಿ ಹೊರಟಿದ್ದ. ಕಿಟಕಿಯಿಂದ ಬೇವು ಎಂದು ಅಪ್ಪಣೆಯಾಯಿತು. ಬೇವೇ ಇಟ್ಟೆವು. ಆಡುಗಳಿಗೆ ಅಡ್ಡವಾಗಿ ಗಿಡಗಳ ಸುತ್ತ ಜಾಲಿ ಮುಳ್ಳು ಕಟ್ಟಿದೆವು. ಯಾವ ಎತ್ತರಕ್ಕೆ ಆಡು ಕತ್ತು ಚಾಚುತ್ತದೆಂದು ಮೇಸ್ತ್ರಿ ತಾನೇ ಆಡಿನಂತೆ ಕತ್ತು ಚಾಚಿ ತೋರಿಸಿದ.

ಐದು ಗಂಟೆಗೆ ನೆಡುವುದು ಮುಗಿಯಿತು. ಅವನು ಕಂಬಳಿ ಕೊಡವಿ ಹೆಗಲಿಗೇರಿಸಿ, ದಿನಾ ಒಂದೊಂದು ಕೊಡ ನೀರು ಹಾಕಿರಿ, ಅಮಾವಾಸ್ಯೆಗೂ ಗಿಡಕ್ಕೆ ರಜೆಯಿಲ್ಲ ಎಂದು ಹೇಳಿ ಹೋದ.

ಬಾಕಿ ಉಳಿದದ್ದು ಹಳೆಯ ತಗ್ಗುಗಳು. ಅವನ್ನು ಆ ಸಂಜೆಯೇ ಮುಚ್ಚಬೇಕು, ಮಣ್ಣು ಗಟ್ಟಿಯಾಗಬೇಕು. ಸಡಿಲ ಮಣ್ಣಿನಲ್ಲಿ ಆಸರೆಯ ಕೋಲು ಹೂತುಹೋದರೆ ಹಾಸು ಜೋತುಬೀಳುತ್ತದೆ. ಬೆಳಿಗ್ಗೆ ಮತ್ತೊಂದು ಮನೆಯವರ ಹಾಸು ಇತ್ತು, ಅದರ ಮರುದಿನ ಇನ್ನೊಬ್ಬರದು. ಫರ್ಸಿಗಳನ್ನು ಎಳೆದು ಓಣಿಯ ತುದಿಯ ನಳದ ಹತ್ತಿರ ಒಟ್ಟಿದೆವು. ಮಣ್ಣು ಸುರಿದು, ನೀರು ಚಿಮುಕಿಸಿ, ತುಳಿದು, ಮತ್ತೆ ಸುರಿದೆವು. ಹೆಂಗಸರು, ಸಾಲೆ ಬಿಟ್ಟು ಬಂದ ಮಕ್ಕಳು, ಎಲ್ಲರೂ ತುಳಿದರು. ಪಕ್ಕದ ಮನೆಯ ಯಜಮಾನರು ಚಪ್ಪಲಿ ಕಳಚಿಟ್ಟು ತುಳಿಯುತ್ತ, ಒಂದು ಕಟ್ಟೆ ಹೋಯಿತೆಂದು ಪ್ರತಿ ಹೆಜ್ಜೆಗೂ ಹೇಳಿದರು.

ಆರೂವರೆಗೆ ನಾನು ಕೈ ತೊಳೆದು ಮುದುಕಿಯ ಮಗ್ಗುಲು ಬದಲಿಸಲು ಹೋದೆ. ಕಿಟಕಿಗೆ ಬೆನ್ನಾಗಿ ಒಳಗಿನ ಗೋಡೆಯ ಕಡೆಗೆ ತಿರುಗುವ ಹೊತ್ತು ಅದು. ಅವಳು ಕಿಟಕಿಯ ಕಡೆಯೇ ಇರುತ್ತೇನೆಂದು ಹಟ ಹಿಡಿದಳು. ಅವರ ಬಾಗಿಲ ಮುಂದಿನ ತಗ್ಗು ಇನ್ನೂ ಬಾಕಿಯಿತ್ತು. ನಿಯಮ ಮುರಿದು ಅವಳನ್ನು ಹಾಗೆಯೇ ಬಿಟ್ಟು ಹೊರಗೆ ಬಂದೆ.

ಕೊನೆಯ ತಗ್ಗಿಗೆ ಮಣ್ಣು ಸಾಲಲಿಲ್ಲ. ನನ್ನ ಮನೆಯ ಮುಂದೆ ಬೇವಿಗೆಂದು ತೋಡಿ ಮಿಕ್ಕಿದ್ದ ಮಣ್ಣನ್ನು ಎರಡು ಬುಟ್ಟಿ ತಂದು ಸುರಿದೆ. ನೇಕಾರ ನೀರು ಹಾಕಿ ತುಳಿದ. ಅವನ ಹೆಂಡತಿ ಸಾಕು ಎನ್ನಲಿಲ್ಲ. ಮತ್ತೊಂದು ಬುಟ್ಟಿ ಹಾಕಿಸಿದಳು, ಮತ್ತೆ ತುಳಿಸಿದಳು. ಆಮೇಲೆ ಒಳಗಿನಿಂದ ಆಸರೆಯ ಕೋಲುಗಳನ್ನು ತಂದು ಅದರ ಮೇಲೆ ಕತ್ತರಿಯಾಗಿ ನಿಲ್ಲಿಸಿ, ಎರಡೂ ಕೈಯಿಂದ ಭಾರ ಹಾಕಿ ಒತ್ತಿದಳು. ಕೋಲು ಹೂತುಹೋಗಲಿಲ್ಲ.

“ಆತು ಬಿಡ್ರಿ” ಎಂದಳು.

ನಾನು ಸನಿಕೆ ತೊಳೆದು ಗೋಡೆಗೆ ಒರಗಿಸಿ, ಒಳಗೆ ಹೋಗಿ ಮುದುಕಿಯನ್ನು ಒಳಗಿನ ಗೋಡೆಯ ಕಡೆಗೆ ತಿರುಗಿಸಿದೆ. ಆಗ ಏಳು ಗಂಟೆ.